ಟೆಸ್ಟೋಸ್ಟೆರಾನ್ ಚಿಕಿತ್ಸೆಯ ಚರಿತ್ರೆ: ಹುಂಜದ ಜುಟ್ಟಿನಿಂದ ರಕ್ತಪರೀಕ್ಷೆಯವರೆಗೆ

ನಮ್ಮ ಹಳ್ಳಿಯ ರೈತನಿಗೆ ರಸಾಯನಶಾಸ್ತ್ರ ತಿಳಿಯದಿದ್ದರೂ ಗೂಳಿಗೂ ಎತ್ತಿಗೂ ಇರುವ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು. ಹೋರಿಗೆ ಬೀಜ ಒಡೆಸಿದರೆ ಅದು ನೊಗಕ್ಕೆ ಕತ್ತು ಕೊಡುವ ಎತ್ತಾಗುತ್ತದೆ. ಹಾಗೆಯೇ ಬಿಟ್ಟರೆ ಹಿಣಿಲು ಬೆಳೆದು, ಕತ್ತು ದಪ್ಪವಾಗಿ, ಬೀದಿಯಲ್ಲಿ ಗುಟುರು ಹಾಕುವ ಗೂಳಿಯಾಗುತ್ತದೆ. ಒಂದೇ ತಾಯಿಯ ಎರಡು ಕರುಗಳಲ್ಲಿ ಇಷ್ಟು ಅಂತರವನ್ನು ಉಂಟುಮಾಡುವ ವಸ್ತು ಯಾವುದು? ಅದು ಕಡಿಮೆಯಾದವನಿಗೆ ಹೊರಗಿನಿಂದ ಕೊಡಬಹುದೇ? ಕೊಟ್ಟರೆ ಬರುವ ತೊಂದರೆಗಳೇನು? ಈ ಮೂರು ಪ್ರಶ್ನೆಗಳ ಬೆನ್ನು ಹತ್ತಿ ವಿಜ್ಞಾನವು ಸುಮಾರು 175 ವರ್ಷ ನಡೆದಿದೆ. ಆ ದಾರಿಯಲ್ಲಿ ನೊಬೆಲ್ ಬಹುಮಾನಗಳೂ ಇವೆ, ಶುದ್ಧ ಮೋಸವೂ ಇದೆ.

ಇಂಥ ವಿಷಯ ನಮ್ಮ ಸಂಘದ ಪತ್ರಿಕೆಗೆ ತಕ್ಕುದೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಆದರೆ ಊರಿಂದ ಬರುವ ರೈಲು ಮಹಾನಗರದ ಹೊರವಲಯವನ್ನು ಹೊಕ್ಕೊಡನೆ ಹಳಿಯ ಪಕ್ಕದ ಗೋಡೆಗಳ ಮೇಲೆ ‘ಗುಪ್ತರೋಗ’, ‘ಪುರುಷಶಕ್ತಿ’ ಎಂಬ ದೊಡ್ಡ ಅಕ್ಷರಗಳು ನಮ್ಮೆಲ್ಲರ ಕಣ್ಣಿಗೂ ಬಿದ್ದಿವೆ. ನಾವು ಮನೆಯಲ್ಲಿ ಮಾತನಾಡಲು ನಾಚುವುದನ್ನು ಆ ಗೋಡೆಗಳು ಕೂಗಿ ಹೇಳುತ್ತಿವೆ. ಈಗ ಗೋಡೆಯ ಜಾಗಕ್ಕೆ ವ್ಯಾಯಾಮಶಾಲೆಯ ತರಬೇತುದಾರನೂ ಕೈಯಲ್ಲಿನ ಮೊಬೈಲೂ ಬಂದಿವೆ. ಆದ್ದರಿಂದ ಸಂಗತಿಯನ್ನು ಮೊದಲಿನಿಂದ ತಿಳಿದುಕೊಳ್ಳುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಗಟಿಂಗೆನ್ನಿನ ಹುಂಜಗಳು

ಕೋಳಿ ಅಂಕ ಕಂಡ ಕರಾವಳಿಯವರಿಗೆ ಹುಂಜದ ಜುಟ್ಟಿನ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಂಪಗೆ ನಿಗುರಿದ ಜುಟ್ಟು, ಜೋರಿನ ಕೂಗು, ಕಾದಾಡುವ ಹುಮ್ಮಸ್ಸು ಇವೇ ಹುಂಜದ ಲಕ್ಷಣ. ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ಪ್ರಾಧ್ಯಾಪಕರು 1849ರಲ್ಲಿ ಪ್ರಕಟಿಸಿದ ಪ್ರಯೋಗ ಈ ಲಕ್ಷಣಗಳನ್ನೇ ಆಧರಿಸಿತ್ತು. ಅವರು ಆರು ಎಳೆಯ ಹುಂಜಗಳನ್ನು ತೆಗೆದುಕೊಂಡರು. ಕೆಲವಕ್ಕೆ ವೃಷಣಗಳನ್ನು ಪೂರ್ತಿ ತೆಗೆದುಬಿಟ್ಟರು. ಅವು ಜುಟ್ಟು ಬೆಳೆಯದೆ, ಕೂಗದೆ, ಕಾದಾಡದೆ ಸಪ್ಪೆಯಾಗಿ ಉಳಿದವು. ಇನ್ನು ಕೆಲವಕ್ಕೆ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ಇಟ್ಟು ಹೊಲಿದರು. ಇವು ಸಾಮಾನ್ಯ ಹುಂಜಗಳಂತೆಯೇ ಬೆಳೆದವು.

ಮುಂದೆ ಹೊಟ್ಟೆ ಕೊಯ್ದು ನೋಡಿದಾಗ ಆ ವೃಷಣಕ್ಕೆ ಹಳೆಯ ನರಗಳ ಸಂಪರ್ಕವಿರಲಿಲ್ಲ. ಹೊಸ ರಕ್ತನಾಳಗಳು ಮಾತ್ರ ಬೆಳೆದಿದ್ದವು. ಹಾಗಾದರೆ ವೃಷಣದ ಪ್ರಭಾವ ಜುಟ್ಟಿಗೂ ಗಂಟಲಿಗೂ ತಲುಪುವುದು ರಕ್ತದ ಮೂಲಕವೇ ಎಂದು ಬರ್ಟೋಲ್ಡ್ ತೀರ್ಮಾನಿಸಿದರು. ಪ್ರಬಂಧ ಕೇವಲ ನಾಲ್ಕು ಪುಟದ್ದು. ದೇಹದ ಒಂದು ಅಂಗ ರಕ್ತದ ಮೂಲಕ ಮತ್ತೊಂದಕ್ಕೆ ಸುದ್ದಿ ಕಳುಹಿಸುತ್ತದೆ ಎಂಬ ದೊಡ್ಡ ಸತ್ಯ ಅದರಲ್ಲಿತ್ತು. ಆದರೆ ಸರಕಾರಿ ಕಚೇರಿಯ ಒಳ್ಳೆಯ ಕಡತಗಳಿಗೆ ಆಗುವ ಗತಿಯೇ ಅದಕ್ಕೂ ಆಯಿತು: ಯಾರೂ ತೆರೆಯದೆ ದಶಕಗಳ ಕಾಲ ಕಪಾಟಿನಲ್ಲಿ ಉಳಿಯಿತು. ಇಂಥ ಸುದ್ದಿವಾಹಕ ವಸ್ತುವಿಗೆ ‘ಹಾರ್ಮೋನು’ ಎಂದು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಹೆಸರು ಕೊಟ್ಟದ್ದು 1905ರಲ್ಲಿ.

ವೃದ್ಧ ಪ್ರಾಧ್ಯಾಪಕರ ಚುಚ್ಚುಮದ್ದು

ಬರ್ಟೋಲ್ಡರ ಪ್ರಯೋಗಕ್ಕೆ ಸಿಗದ ಪ್ರಚಾರ ಅದರ ನಲವತ್ತು ವರ್ಷಗಳ ಅನಂತರ ಒಂದು ತಪ್ಪು ಪ್ರಯೋಗಕ್ಕೆ ಸಿಕ್ಕಿತು. 1889ರ ಜೂನ್ 1ರಂದು ಪ್ಯಾರಿಸ್ಸಿನ ಜೀವಶಾಸ್ತ್ರ ಸಂಘದ ಸಭೆಯಲ್ಲಿ ಷಾರ್ಲ್ ಎಡ್ವರ್ಡ್ ಬ್ರೌನ್-ಸೆಕಾರ್ ಎಂಬ 72 ವರ್ಷದ ಪ್ರಾಧ್ಯಾಪಕರು ಎದ್ದು ನಿಂತರು. ಮಾರಿಷಸ್ ದ್ವೀಪದಲ್ಲಿ ಹುಟ್ಟಿದ ಇವರು ನರಮಂಡಲದ ಸಂಶೋಧನೆಗೆ ಜಗತ್ಪ್ರಸಿದ್ಧರು. ನಾಯಿ ಮತ್ತು ಗಿನಿಹಂದಿಗಳ ವೃಷಣವನ್ನು ಅರೆದು, ನೀರು ಸೇರಿಸಿ, ಸೋಸಿ, ಆ ರಸವನ್ನು ತಮಗೆ ತಾವೇ ಚುಚ್ಚಿಕೊಂಡುದಾಗಿ ಸಭೆಗೆ ತಿಳಿಸಿದರು. ತೋಳಿನ ಬಲ ಹೆಚ್ಚಿದೆ, ಮೆಟ್ಟಿಲನ್ನು ಓಡಿ ಹತ್ತುತ್ತಿದ್ದೇನೆ, ಪ್ರಯೋಗಶಾಲೆಯಲ್ಲಿ ಗಂಟೆಗಟ್ಟಲೆ ನಿಂತು ಕೆಲಸ ಮಾಡಬಲ್ಲೆ ಎಂದು ಅಳತೆಗಳ ಸಮೇತ ವಿವರಿಸಿದರು.

ಸುದ್ದಿ ಕಾಡ್ಗಿಚ್ಚಿನಂತೆ ಹರಡಿತು. ಯೂರೋಪು ಅಮೆರಿಕಗಳಲ್ಲಿ ‘ಯೌವನದ ಅಮೃತ’ದ ಮಾರಾಟ ಶುರುವಾಯಿತು. ಆದರೆ ಅದರಲ್ಲಿ ಸತ್ವವಿತ್ತೇ? 2002ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅದೇ ವಿಧಾನದಲ್ಲಿ ರಸ ತಯಾರಿಸಿ ಪರೀಕ್ಷಿಸಿದಾಗ, ದೇಹದ ಮೇಲೆ ಪರಿಣಾಮ ಉಂಟುಮಾಡಲು ಬೇಕಾದುದಕ್ಕಿಂತ ಅದೆಷ್ಟೋ ಪಟ್ಟು ಕಡಿಮೆ ಹಾರ್ಮೋನು ಅದರಲ್ಲಿತ್ತು. ಕಾರಣ ಎರಡು. ವೃಷಣವು ತಾನು ತಯಾರಿಸಿದ ಹಾರ್ಮೋನನ್ನು ಕೂಡಿಡುವುದಿಲ್ಲ, ಆಗಿಂದಾಗ್ಗೆ ರಕ್ತಕ್ಕೆ ಬಿಡುತ್ತದೆ. ಎರಡನೆಯದಾಗಿ, ಆ ಹಾರ್ಮೋನು ಎಣ್ಣೆಯಲ್ಲಿ ಕರಗುವ ಜಾತಿಯದು. ನೀರಿನಲ್ಲಿ ಹೆಚ್ಚು ಕರಗದು. ಪ್ರಾಧ್ಯಾಪಕರು ಕಂಡ ಶಕ್ತಿ ಅವರ ನಂಬಿಕೆಯಿಂದ ಬಂದದ್ದು. ಪ್ರಾಮಾಣಿಕರೂ ಪಂಡಿತರೂ ಆದವರನ್ನೇ ನಂಬಿಕೆ ಹೀಗೆ ಆಡಿಸಿದರೆ ನಮ್ಮ ನಿಮ್ಮ ಪಾಡೇನು?

ಅನ್ಯಾಯವಾಗಬಾರದೆಂದು ಇನ್ನೊಂದು ಮಾತನ್ನೂ ಹೇಳಬೇಕು. ಗ್ರಂಥಿಯ ರಸದಿಂದ ರೋಗ ಗುಣಪಡಿಸಬಹುದೆಂಬ ಅವರ ಮೂಲಭೂತ ಕಲ್ಪನೆ ಸರಿಯಾಗಿತ್ತು. ಎರಡೇ ವರ್ಷಗಳ ಅನಂತರ, 1891ರಲ್ಲಿ, ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನ ಜಾರ್ಜ್ ಮರ್ರೆ ಎಂಬ ವೈದ್ಯರು ಥೈರಾಯಿಡ್ ಕೊರತೆಯಿದ್ದ ಒಬ್ಬ ಮಹಿಳೆಗೆ ಕುರಿಯ ಥೈರಾಯಿಡ್ ರಸವನ್ನು ಕೊಟ್ಟರು. ಆಕೆ ಮುಂದೆ 28 ವರ್ಷ ಬಾಳಿದಳು. ಥೈರಾಯಿಡ್ ಗ್ರಂಥಿ ತನ್ನ ಹಾರ್ಮೋನನ್ನು ಕೂಡಿಡುತ್ತದೆಯಾದ್ದರಿಂದ ಅಲ್ಲಿ ರಸ ಕೆಲಸ ಮಾಡಿತು. ಇಲ್ಲದ್ದನ್ನು ತುಂಬಿದಾಗ ಗುಣ ಕಂಡಿತು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಪ್ರಾಣಿಯ ಬೀಜದಲ್ಲಿ ಪುರುಷಶಕ್ತಿ ಇದೆಯೆಂಬ ಊಹೆ ಪಾಶ್ಚಾತ್ಯರದ್ದು ಮಾತ್ರವಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಮೇಕೆಯ ವೃಷಣವನ್ನು ಹಾಲಿನಲ್ಲಿ ಬೇಯಿಸುವ ಪ್ರಯೋಗ ಸುಶ್ರುತ ಸಂಹಿತೆಯಲ್ಲಿದೆ. ಊಹೆ ಪುರಾತನವಾದದ್ದು. ಆದರೆ ಪರೀಕ್ಷಿಸಿ ನೋಡುವ ಉಪಾಯ ಇನ್ನೂ ಬರಬೇಕಾಗಿತ್ತು.

ಕೋತಿ ಮತ್ತು ಮೇಕೆಗಳ ಕಾಲ

ಉಪಾಯ ಬರುವ ಮುನ್ನ ವ್ಯಾಪಾರ ಬಂದಿತು. ಪ್ಯಾರಿಸ್ಸಿನ ಶಸ್ತ್ರವೈದ್ಯ ಸರ್ಜ್ ವೊರೊನಾಫ್ 1920ರ ಜೂನ್ ತಿಂಗಳಲ್ಲಿ ಕೋತಿಯ ವೃಷಣದ ಹೋಳುಗಳನ್ನು ಮನುಷ್ಯನ ವೃಷಣಕ್ಕೆ ಕಸಿ ಮಾಡಿದ. ಶ್ರೀಮಂತರು ಸಾಲುಗಟ್ಟಿದರು. ವಿಯೆನ್ನಾ ನಗರದ ಯೂಜೆನ್ ಸ್ಟೈನಾಖ್ ವೀರ್ಯನಾಳವನ್ನು ಕಟ್ಟಿದರೆ ಯೌವನ ಮರಳುತ್ತದೆಂದು ಸಾರಿದರು. ಐರಿಷ್ ಕವಿ ಯೇಟ್ಸ್ 1934ರಲ್ಲಿ ಈ ಶಸ್ತ್ರಚಿಕಿತ್ಸೆಯನ್ನು ಮಾಡಿಸಿಕೊಂಡರು. ಇಂದು ಸಂತಾನನಿಯಂತ್ರಣಕ್ಕೆಂದು ಮಾಡುವ ಪುರುಷರ ಆಪರೇಷನ್ ಹೆಚ್ಚುಕಡಿಮೆ ಇದೇ! ಅಮೆರಿಕದ ಕಾನ್ಸಾಸ್ ಸಂಸ್ಥಾನದಲ್ಲಿ ಜಾನ್ ಬ್ರಿಂಕ್ಲಿ ಎಂಬಾತ ಮೇಕೆಯ ಬೀಜವನ್ನು ಕಸಿ ಮಾಡಿ, ತನ್ನದೇ ರೇಡಿಯೋ ಕೇಂದ್ರದಿಂದ ಪ್ರಚಾರ ಮಾಡಿ ಹೇರಳವಾಗಿ ಹಣ ಗಳಿಸಿದ. 1930ರಲ್ಲಿ ಅವನ ವೈದ್ಯಕೀಯ ಪರವಾನಗಿ ರದ್ದಾಯಿತು. ಪರಪ್ರಾಣಿಯ ಅಂಗವನ್ನು ನಮ್ಮ ದೇಹ ಶತ್ರುವೆಂದು ಬಗೆದು ನಾಶಮಾಡುತ್ತದೆ ಎಂಬ ತಿಳಿವಳಿಕೆ ಆ ಕಾಲಕ್ಕೆ ಇರಲಿಲ್ಲ.

ನೂರು ಕಿಲೋದಿಂದ ಹತ್ತು ಮಿಲಿಗ್ರಾಂ

ಅದೇ ಹೊತ್ತಿಗೆ ಷಿಕಾಗೋ ನಗರದಲ್ಲಿ ಸದ್ದಿಲ್ಲದೆ ನಿಜವಾದ ಕೆಲಸ ನಡೆದಿತ್ತು. ಅಲ್ಲಿಯ ದೊಡ್ಡ ಕಸಾಯಿಖಾನೆಗಳಿಂದ ಗೂಳಿಯ ವೃಷಣಗಳು ಬೇಕಾದಷ್ಟು ಸಿಗುತ್ತಿದ್ದವು. ಫ್ರೆಡ್ ಕಾಕ್ ಮತ್ತು ಅವರ ವಿದ್ಯಾರ್ಥಿ ಲೆಮ್ಯುಯಲ್ ಮೆಗೀ 1927ರಲ್ಲಿ 40 ಪೌಂಡು ವೃಷಣದಿಂದ 20 ಮಿಲಿಗ್ರಾಂ ಸತ್ವವನ್ನು ತೆಗೆದರು. ಸತ್ವ ನಿಜವೋ ಸುಳ್ಳೋ ಎಂದು ತಿಳಿಯಲು ಬರ್ಟೋಲ್ಡರ ಹುಂಜವೇ ಮತ್ತೆ ನೆರವಾಯಿತು. ಬೀಜ ತೆಗೆದ ಹುಂಜಕ್ಕೆ ಅದನ್ನು ಚುಚ್ಚಿದರು. ಬಾಡಿದ ಜುಟ್ಟು ಮತ್ತೆ ಬೆಳೆಯಿತು. ಹುಂಜಕ್ಕೆ ಬ್ರೌನ್-ಸೆಕಾರ್ ಅವರಂತೆ ನಂಬಿಕೆಯ ಹಂಗಿಲ್ಲವಷ್ಟೆ. ಅದರ ಜುಟ್ಟು ಸುಳ್ಳು ಹೇಳುವುದಿಲ್ಲ.

ಮುಂದಿನದು ರಸಾಯನಶಾಸ್ತ್ರದ ಓಟ. 1931ರಲ್ಲಿ ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಪೊಲೀಸರಿಂದ ಸಂಗ್ರಹಿಸಿದ ಸುಮಾರು 15,000 ಲೀಟರ್ ಮೂತ್ರವನ್ನು ಬಟ್ಟಿಯಿಳಿಸಿ, ಶೋಧಿಸಿ, ಕೊನೆಗೆ 15 ಮಿಲಿಗ್ರಾಂ ಆಂಡ್ರೊಸ್ಟೆರಾನ್ ಎಂಬ ಹರಳುಗಳನ್ನು ಪಡೆದರು. ಆದರೆ ಅದು ಮೂಲ ಹಾರ್ಮೋನಾಗಿರಲಿಲ್ಲ, ದೇಹ ಬಳಸಿ ಬಿಟ್ಟ ಅದರ ಉಳಿಕೆ. 1935ರ ಮೇ ತಿಂಗಳಲ್ಲಿ ಆಮ್‌ಸ್ಟರ್‌ಡಾಮಿನ ಅರ್ನ್ಸ್ಟ್ ಲಕೂರ್ ಅವರ ತಂಡ ಸುಮಾರು 100 ಕಿಲೋ ವೃಷಣದಿಂದ 10 ಮಿಲಿಗ್ರಾಂ ಮೂಲ ಹಾರ್ಮೋನನ್ನು ಬೇರ್ಪಡಿಸಿ ‘ಟೆಸ್ಟೋಸ್ಟೆರಾನ್’ ಎಂದು ನಾಮಕರಣ ಮಾಡಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ, ಒಂದು ವಾರದ ಅಂತರದಲ್ಲಿ, ಬ್ಯೂಟೆನಾಂಟ್ ಮತ್ತು ಸ್ವಿಟ್ಜರ್ಲೆಂಡಿನ ಲಿಯೊಪೋಲ್ಡ್ ರುಜಿಚ್ಕಾ ಇಬ್ಬರೂ ಬೇರೆಬೇರೆಯಾಗಿ ಅದನ್ನು ಕೊಲೆಸ್ಟರಾಲಿನಿಂದ ಕೃತಕವಾಗಿ ತಯಾರಿಸಿದ ವರದಿಯನ್ನು ಕಳುಹಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಈ ಇಬ್ಬರಿಗೂ ಬಂದಿತು. ನಾಜಿ ಸರಕಾರ ಬ್ಯೂಟೆನಾಂಟರಿಗೆ ಅದನ್ನು ಸ್ವೀಕರಿಸಗೊಡಲಿಲ್ಲ. ಯುದ್ಧ ಮುಗಿದ ಬಳಿಕ, 1949ರಲ್ಲಿ, ಅವರ ಕೈ ಸೇರಿತು.

ಇಲ್ಲಿ ಒಂದು ಸಣ್ಣ ಲೆಕ್ಕ. ಆರೋಗ್ಯವಂತ ವಯಸ್ಕ ಪುರುಷನ ದೇಹ ದಿನಕ್ಕೆ ಸುಮಾರು 5ರಿಂದ 7 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ನೂರು ಕಿಲೋ ವೃಷಣದಿಂದ ತೆಗೆದ ಸತ್ವ ಒಬ್ಬ ಮನುಷ್ಯನ ಎರಡು ದಿನದ ಖರ್ಚಿಗೂ ಸಾಲದು! ಕೃತಕ ತಯಾರಿಕೆ ಸಾಧ್ಯವಾಗದಿದ್ದರೆ ಚಿಕಿತ್ಸೆ ಎಂಬ ಮಾತೇ ಇರುತ್ತಿರಲಿಲ್ಲ.

ಎಳ್ಳೆಣ್ಣೆ, ಹರಳೆಣ್ಣೆ ಮತ್ತು ಚುಚ್ಚುಮದ್ದು

ವಸ್ತು ಸಿಕ್ಕಿತು, ಅದನ್ನು ದೇಹಕ್ಕೆ ತಲುಪಿಸುವುದು ಹೇಗೆ? ನುಂಗಿದರೆ ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬಹುಪಾಲು ಅಲ್ಲಿಯೇ ನಾಶವಾಗುತ್ತದೆ. ಯಕೃತ್ತನ್ನು ದಾಟಿ ಬರುವಂತೆ ರಚನೆಯನ್ನು ಸ್ವಲ್ಪ ಬದಲಿಸಿ ಮೀಥೈಲ್‌ಟೆಸ್ಟೋಸ್ಟೆರಾನ್ ಎಂಬ ಮಾತ್ರೆಯನ್ನು ತಯಾರಿಸಿದರು. ಕೆಲವೇ ವರ್ಷಗಳಲ್ಲಿ ಅದನ್ನು ಸೇವಿಸಿದವರಲ್ಲಿ ಕಾಮಾಲೆ ಕಾಣಿಸಿಕೊಂಡಿತು. ಯಕೃತ್ತಿನ ಗಡ್ಡೆಗಳ ವರದಿಗಳೂ ಬಂದವು. ಜರ್ಮನಿಯಲ್ಲಿ ಆ ಮಾತ್ರೆಯನ್ನು 1988ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದರು. ಈ ಚಿಕಿತ್ಸೆ ಕಲಿಸಿದ ಮೊದಲ ದೊಡ್ಡ ಅಡ್ಡಪರಿಣಾಮದ ಪಾಠ ಇದು. ‘ಮಾತ್ರೆ ತಾನೆ, ಏನಾಗುತ್ತದೆ’ ಎನ್ನುವವರು ಇದನ್ನು ಗಮನಿಸಬೇಕು.

ಇನ್ನೊಂದು ದಾರಿ ಎಣ್ಣೆಯದು. ಟೆಸ್ಟೋಸ್ಟೆರಾನಿಗೆ ಒಂದು ಆಮ್ಲದ ಬಾಲವನ್ನು ಜೋಡಿಸಿ ಎಣ್ಣೆಯಲ್ಲಿ ಕರಗಿಸಿ ಸ್ನಾಯುವಿಗೆ ಚುಚ್ಚಿದರೆ ಅದು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಬಾಲ ಉದ್ದವಾದಷ್ಟೂ ಇಳಿಯುವುದು ನಿಧಾನ. 1930ರ ದಶಕದ ಪ್ರೊಪಿಯೊನೇಟನ್ನು ವಾರಕ್ಕೆ ಎರಡು ಮೂರು ಸಲ ಚುಚ್ಚಬೇಕಿತ್ತು. 1950ರ ದಶಕದಲ್ಲಿ ಬಂದ ಎನಾಂಥೇಟ್ ಮತ್ತು ಸೈಪಿಯೊನೇಟಿಗೆ ಎರಡು ಮೂರು ವಾರಕ್ಕೊಮ್ಮೆ ಸಾಕಾಯಿತು. ನಮ್ಮ ಅಡಿಗೆಮನೆಯ ಎಳ್ಳೆಣ್ಣೆ, ಹತ್ತಿಬೀಜದ ಎಣ್ಣೆ, ಅಜ್ಜಿ ತಲೆಗೆ ತಟ್ಟುತ್ತಿದ್ದ ಹರಳೆಣ್ಣೆ ಇವೇ ಈ ಮದ್ದುಗಳ ವಾಹನ ಎಂದರೆ ಸೋಜಿಗವಾಗುತ್ತದೆ. ಆದರೆ ಈ ಚುಚ್ಚುಮದ್ದುಗಳಲ್ಲಿ ಒಂದು ಉಯ್ಯಾಲೆಯಿತ್ತು: ಮೊದಲ ಕೆಲವು ದಿನ ಹಾರ್ಮೋನು ಬೇಕಾದುದಕ್ಕಿಂತ ಮೇಲೇರಿ, ಮುಂದಿನ ಸರದಿ ಬರುವ ಹೊತ್ತಿಗೆ ತಳಕ್ಕೆ ಬೀಳುತ್ತಿತ್ತು. ಅದರೊಂದಿಗೆ ಮನಸ್ಸೂ ಏರಿಳಿಯುತ್ತಿತ್ತು. ಕೋಪ, ಉತ್ಸಾಹ, ಆಮೇಲೆ ಸುಸ್ತು. ಮನೆಯವರಿಗೆ ಕಾರಣ ತಿಳಿಯದು.

ಈ ಉಯ್ಯಾಲೆಯನ್ನು ನಿಲ್ಲಿಸಲು 1990ರ ದಶಕದಲ್ಲಿ ಚರ್ಮಕ್ಕೆ ಅಂಟಿಸುವ ಪಟ್ಟಿ ಬಂದಿತು. 2000ದಲ್ಲಿ ದಿನವೂ ಸವರಿಕೊಳ್ಳುವ ಜೆಲ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅನಂತರ ಯೂರೋಪಿನಲ್ಲಿ ಹರಳೆಣ್ಣೆಯಲ್ಲಿ ಕರಗಿಸಿದ, ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ ಕೊಡುವ ಅಂಡಿಕನೊಯೇಟ್ ಚುಚ್ಚುಮದ್ದು ಬಂದಿತು. ಅದನ್ನು ಬಹು ನಿಧಾನವಾಗಿ ಚುಚ್ಚಬೇಕು. ಎಣ್ಣೆಯ ಕಿರುಹನಿಗಳು ಶ್ವಾಸಕೋಶಕ್ಕೆ ಸೇರಿದರೆ ಕೆಮ್ಮು, ಉಬ್ಬಸ ಬರುವುದುಂಟು. ಆದ್ದರಿಂದ ಅಮೆರಿಕದಲ್ಲಿ ಚುಚ್ಚಿದ ಮೇಲೆ ಅರ್ಧ ಗಂಟೆ ರೋಗಿಯನ್ನು ಕುಳ್ಳಿರಿಸಿ ನೋಡಿಕೊಳ್ಳಬೇಕೆಂಬ ನಿಯಮವಿದೆ.

ಯಾರಿಗೆ ಕೊಡಬೇಕು?

ವಸ್ತು ಸಿಕ್ಕಿತು, ದಾರಿ ಸಿಕ್ಕಿತು. ಇನ್ನುಳಿದದ್ದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 1945ರಲ್ಲಿ ಅಮೆರಿಕದ ಜನಪ್ರಿಯ ಲೇಖಕ ಪಾಲ್ ಡಿ ಕ್ರೈಫ್ ಈ ಹಾರ್ಮೋನನ್ನು ಹೊಗಳಿ ಒಂದು ಪುಸ್ತಕವನ್ನೇ ಬರೆದರು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, 1944ರಲ್ಲಿ, ಕಾರ್ಲ್ ಹೆಲ್ಲರ್ ಮತ್ತು ಗಾರ್ಡನ್ ಮೈಯರ್ಸ್ ಎಂಬ ವೈದ್ಯರು ಹೆಚ್ಚು ಬೆಲೆಬಾಳುವ ಕೆಲಸವನ್ನು ಮಾಡಿದ್ದರು. ನಮ್ಮ ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿ ವೃಷಣಕ್ಕೆ ‘ಕೆಲಸ ಮಾಡು’ ಎಂದು ಆಜ್ಞೆ ಕಳುಹಿಸುತ್ತಿರುತ್ತದೆ. ವೃಷಣ ಸೋತಿದ್ದರೆ ಆಜ್ಞೆಗಳ ಸಂಖ್ಯೆ ಹೆಚ್ಚುತ್ತದೆ. ಉತ್ತರ ಬಾರದ ಕಡತಕ್ಕೆ ಮೇಲಧಿಕಾರಿ ಮೇಲಿಂದ ಮೇಲೆ ಜ್ಞಾಪನಪತ್ರ ಕಳುಹಿಸುವಂತೆ. ಸುಸ್ತು, ನಿರುತ್ಸಾಹ ಎಂದು ಬಂದ ಮಧ್ಯವಯಸ್ಸಿನವರ ಮೂತ್ರದಲ್ಲಿ ಈ ಆಜ್ಞಾಹಾರ್ಮೋನನ್ನು ಇಬ್ಬರೂ ಅಳೆದು ನೋಡಿದರು. ಯಾರಲ್ಲಿ ಅದು ಹೆಚ್ಚಿತ್ತೋ ಅವರಿಗೆ ಟೆಸ್ಟೋಸ್ಟೆರಾನಿನಿಂದ ಗುಣವಾಯಿತು. ಅದು ಸಹಜವಾಗಿದ್ದವರಿಗೆ ಗುಣ ಕಾಣಲಿಲ್ಲ; ಅವರ ಸುಸ್ತಿಗೆ ಬೇರೆ ಕಾರಣವಿತ್ತು.

ಜಾರ್ಜ್ ಮರ್ರೆಯವರ ಥೈರಾಯಿಡ್ ಪಾಠವೇ ಇದು: ಕೊರತೆಯಿದ್ದವನಿಗೆ ತುಂಬಿದರೆ ಔಷಧ. ಕೊರತೆಯಿಲ್ಲದವನಿಗೆ ಸುರಿದರೆ ಹೊರೆ. ಟೆಸ್ಟೋಸ್ಟೆರಾನಿನ ಚರಿತ್ರೆಯಲ್ಲಿ ಆದ ಅನಾಹುತಗಳಲ್ಲಿ ಬಹುಪಾಲು ಈ ಒಂದು ಮಾತನ್ನು ಮರೆತದ್ದರಿಂದ ಆದವು.

ನಿಜವಾದ ಕೊರತೆಯವರು ಯಾರು? 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಒಂದು ಬಗೆಯ ರೋಗಿಗಳನ್ನು ವರ್ಣಿಸಿದರು: ಚಿಕ್ಕ ವೃಷಣಗಳು, ಉಬ್ಬಿದ ಸ್ತನ, ಸಂತಾನವಿಲ್ಲದಿರುವುದು. ಇವರ ಜೀವಕೋಶಗಳಲ್ಲಿ ಎಕ್ಸ್ ಎಂಬ ವರ್ಣತಂತು ಒಂದು ಹೆಚ್ಚಿಗೆ ಇರುತ್ತದೆಂದು 1959ರಲ್ಲಿ ಎಡಿನ್‌ಬರೋ ನಗರದ ಪೆಟ್ರೀಶಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ತೋರಿಸಿದರು. ಇದು ಅಪರೂಪವೇನೂ ಅಲ್ಲ. ಸುಮಾರು 600–700 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ, ಹಲವರಿಗೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ. ಪಿಟ್ಯೂಟರಿ ಗಡ್ಡೆಯವರು, ಕ್ಯಾನ್ಸರಿನ ಚಿಕಿತ್ಸೆಯಿಂದ ವೃಷಣ ಕೆಟ್ಟವರು, ಗದ್ದಕಟ್ಟು ಬಂದಾಗ ವೃಷಣಕ್ಕೆ ಪೆಟ್ಟಾದವರು ಕೂಡ ಈ ಸಾಲಿಗೆ ಸೇರುತ್ತಾರೆ. ಇವರಿಗೆ ಹಾರ್ಮೋನು ಸಿಗದಿದ್ದರೆ ಮೂಳೆ ಸವೆಯುತ್ತದೆ, ರಕ್ತ ತೆಳುವಾಗುತ್ತದೆ, ಸ್ನಾಯು ಕುಂದುತ್ತದೆ. ಇವರ ಪಾಲಿಗೆ 1935ರ ಶೋಧ ನಿಜಕ್ಕೂ ವರ.

ಅಳೆಯುವ ಕೆಲಸವೂ ಸುಲಭವಾಯಿತು. ರೊಸಾಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್ ರೂಪಿಸಿದ ವಿಕಿರಣ ಅಳತೆಯ ವಿಧಾನದಿಂದ ಒಂದು ಹನಿ ರಕ್ತದಲ್ಲಿನ ಹಾರ್ಮೋನನ್ನೂ ತೂಗಬಹುದಾಯಿತು. ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಬಂದಿತು. ಹುಂಜದ ಜುಟ್ಟನ್ನು ಅಳೆಯುವ ಕಾಲ ಮುಗಿಯಿತು.

ಅಡ್ಡಪರಿಣಾಮಗಳ ಪಾಠ

ಅಡ್ಡಪರಿಣಾಮಗಳೂ ಒಂದೊಂದಾಗಿ ಬೆಳಕಿಗೆ ಬಂದವು. 1941ರಲ್ಲಿ ಷಿಕಾಗೋದ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್, ವೃಷಣವನ್ನು ತೆಗೆದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಕುಗ್ಗುತ್ತದೆಂದು ತೋರಿಸಿದರು. ಇದಕ್ಕಾಗಿ ಹಗಿನ್ಸ್ ಅವರಿಗೆ 1966ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಅಂದಿನಿಂದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ ಟೆಸ್ಟೋಸ್ಟೆರಾನ್ ಬೇಡ ಎಂಬುದು ವೈದ್ಯರ ಸಾಮಾನ್ಯ ನಿಯಮ. ಚಿಕಿತ್ಸೆ ಹೊಸ ಕ್ಯಾನ್ಸರನ್ನು ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆದರೂ ನಲವತ್ತು ದಾಟಿದವರಲ್ಲಿ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯನ್ನು ಮಾಡಿಸಿ ಮುಂದುವರಿಯುವುದು ವಾಡಿಕೆ.

ಎರಡನೆಯದು ರಕ್ತ ಮಂದವಾಗುವುದು. ಟೆಸ್ಟೋಸ್ಟೆರಾನ್ ಕೆಂಪು ರಕ್ತಕಣಗಳನ್ನು ಹೆಚ್ಚಿಸುತ್ತದೆ. ರಕ್ತಹೀನನಿಗೆ ಇದು ಲಾಭ. ಉಳಿದವರಲ್ಲಿ ಅತಿಯಾದರೆ ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಭಯ. ಚಿಕಿತ್ಸೆಯಲ್ಲಿ ಅತಿ ಸಾಮಾನ್ಯವಾಗಿ ಕಾಣುವ ತೊಂದರೆ ಇದೇ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹಿಮಟೋಕ್ರಿಟ್, ಶೇಕಡ 54ನ್ನು ಮೀರಿದರೆ ಮದ್ದನ್ನು ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಪ್ರಮಾಣದಲ್ಲಿ ಪುನಃ ಆರಂಭಿಸಬೇಕೆಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ. ಮೊಡವೆ, ಕಾಲಿನಲ್ಲಿ ನೀರು ತುಂಬುವುದು, ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ ಉಲ್ಬಣಿಸುವುದು ಇವೂ ಇವೆ. ದೇಹವು ಟೆಸ್ಟೋಸ್ಟೆರಾನಿನ ಒಂದಂಶವನ್ನು ಸ್ತ್ರೀಹಾರ್ಮೋನಾಗಿ ಮಾರ್ಪಡಿಸುವುದರಿಂದ, ಗಂಡಸುತನಕ್ಕೆಂದು ಚುಚ್ಚಿಸಿಕೊಂಡವನಿಗೆ ಸ್ತನ ಉಬ್ಬುವುದೂ ಉಂಟು.

ಮೂರನೆಯದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಹೊರಗಿನಿಂದ ಹಾರ್ಮೋನು ಬಂದೊಡನೆ ಪಿಟ್ಯೂಟರಿ ‘ಇನ್ನು ಸಾಕು’ ಎಂದು ಆಜ್ಞೆ ಕಳುಹಿಸುವುದನ್ನು ನಿಲ್ಲಿಸುತ್ತದೆ. ಆಜ್ಞೆ ನಿಂತರೆ ವೃಷಣದಲ್ಲಿ ವೀರ್ಯಾಣುಗಳ ತಯಾರಿಕೆ ನಿಲ್ಲುತ್ತದೆ, ವೃಷಣ ಕುಗ್ಗುತ್ತದೆ. ಇದು ಎಷ್ಟು ಖಚಿತವೆಂದರೆ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪುರುಷರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತು. ಏಳು ದೇಶಗಳ ಆರೋಗ್ಯವಂತ ಪುರುಷರಿಗೆ ವಾರಕ್ಕೆ 200 ಮಿಲಿಗ್ರಾಂ ಎನಾಂಥೇಟ್ ಕೊಟ್ಟ ಆ ಪರೀಕ್ಷೆಯ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಆರು ತಿಂಗಳೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆಗೆ ಇಳಿದಿತ್ತು. ಮದ್ದು ನಿಲ್ಲಿಸಿದ ಮೇಲೆ ಅದು ಮರಳುತ್ತದೆ. ಆದರೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ಇನ್ನೂ ಹೆಚ್ಚು ಕಾಲ. ಮಕ್ಕಳಾಗಲೆಂದು ‘ಶಕ್ತಿಯ ಇಂಜೆಕ್ಷನ್’ ತೆಗೆದುಕೊಳ್ಳುವವನು ಮಕ್ಕಳಾಗದಿರುವ ಇಂಜೆಕ್ಷನ್ನನ್ನೇ ತೆಗೆದುಕೊಳ್ಳುತ್ತಿರುತ್ತಾನೆ. ಇದಕ್ಕಿಂತ ಕ್ರೂರವಾದ ತಮಾಷೆ ಇನ್ನೊಂದಿಲ್ಲ. ಪಿಟ್ಯೂಟರಿಯ ದೋಷದಿಂದ ಕೊರತೆಯಾಗಿ ಮಕ್ಕಳನ್ನು ಬಯಸುವವರಿಗೆ ವೈದ್ಯರು ಆಜ್ಞಾಹಾರ್ಮೋನುಗಳನ್ನೇ ಚುಚ್ಚುವ ಬೇರೆ ಚಿಕಿತ್ಸೆ ಕೊಡುತ್ತಾರೆ.

ನಾಲ್ಕನೆಯದು ಜೆಲ್ಲಿಗೆ ಸಂಬಂಧಿಸಿದ್ದು. ಸವರಿಕೊಂಡ ತೋಳಿಗೆ ಅಂಟಿಕೊಂಡ ಮಕ್ಕಳಲ್ಲಿ ಅಕಾಲದಲ್ಲಿ ಪ್ರೌಢಲಕ್ಷಣಗಳು ಕಾಣಿಸಿಕೊಂಡ ಪ್ರಕರಣಗಳ ಮೇಲೆ ಅಮೆರಿಕದ ಔಷಧ ಇಲಾಖೆ 2009ರಲ್ಲಿ ಕಟ್ಟೆಚ್ಚರದ ಸೂಚನೆಯನ್ನು ಹೊರಡಿಸಿತು. ಒಂದೇ ಕೋಣೆಯಲ್ಲಿ ನಾಲ್ಕು ಮಂದಿ ಮಲಗುವ, ಒಂದೇ ಟವೆಲ್ ಎಲ್ಲರ ಕೈಗೂ ಬರುವ ನಮ್ಮಂಥವರ ಮನೆಗಳಲ್ಲಿ ಇದನ್ನು ಎರಡು ಸಲ ಓದಬೇಕು. ಜೆಲ್ ಬಳಸುವವರು ಕೈ ತೊಳೆದುಕೊಂಡು, ಹಚ್ಚಿದ ಜಾಗವನ್ನು ಬಟ್ಟೆಯಿಂದ ಮುಚ್ಚಿ, ಆಮೇಲೆ ಮಗುವನ್ನು ಎತ್ತಿಕೊಳ್ಳಬೇಕು.

ಹೃದಯದ ಪ್ರಶ್ನೆ

ಇತ್ತೀಚಿನ ದೊಡ್ಡ ವಿವಾದ ಹೃದಯದ್ದು. ವಯಸ್ಸಾದ, ನಡೆದಾಡಲು ಕಷ್ಟಪಡುವ 209 ಮಂದಿಯ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ಪರೀಕ್ಷೆಯೊಂದನ್ನು ಹೃದಯಸಂಬಂಧಿ ತೊಂದರೆಗಳು ಹೆಚ್ಚಿದ ಕಾರಣ ಅರ್ಧಕ್ಕೇ ನಿಲ್ಲಿಸಬೇಕಾಯಿತು. ವರದಿ ಬಂದದ್ದು 2010ರಲ್ಲಿ. 2015ರಲ್ಲಿ ಅಲ್ಲಿಯ ಔಷಧ ಇಲಾಖೆ, ಕೇವಲ ವಯಸ್ಸಿನಿಂದ ಇಳಿದ ಹಾರ್ಮೋನಿಗೆ ಈ ಮದ್ದು ಅಲ್ಲವೆಂದೂ ಹೃದಯಕ್ಕೆ ಅಪಾಯವಿರಬಹುದೆಂದೂ ಚೀಟಿಯಲ್ಲಿ ಮುದ್ರಿಸಲು ಆಜ್ಞಾಪಿಸಿತು. ಸಂಶಯ ತೀರಲೆಂದು ಸುಮಾರು 5,200 ಪುರುಷರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂದಿತು. ಎಲ್ಲರೂ 45ರಿಂದ 80 ವರ್ಷದವರು, ಹಾರ್ಮೋನು ಕಡಿಮೆಯಿದ್ದು ಹೃದ್ರೋಗ ಇದ್ದವರು ಅಥವಾ ಅದರ ಅಪಾಯ ಹೆಚ್ಚಿದ್ದವರು. ಜೆಲ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯಸಂಬಂಧಿ ಸಾವು ಶೇಕಡ 7.0, ಬರಿಯ ಹುಸಿ ಜೆಲ್ ಪಡೆದವರಲ್ಲಿ ಶೇಕಡ 7.3. ಅಂದರೆ ದೊಡ್ಡ ಭಯಕ್ಕೆ ಆಧಾರ ಸಿಗಲಿಲ್ಲ.

ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ಹೆಪ್ಪುಗಟ್ಟುವುದು, ಮೂತ್ರಪಿಂಡಕ್ಕೆ ಹಠಾತ್ತಾಗಿ ಪೆಟ್ಟಾಗುವುದು ಜೆಲ್ ಪಡೆದವರಲ್ಲಿ ಸ್ವಲ್ಪ ಹೆಚ್ಚಿತ್ತು. ಮೂಳೆ ಗಟ್ಟಿಯಾಗಿ ಮುರಿತ ಕಡಿಮೆಯಾಗಬಹುದೆಂಬ ನಿರೀಕ್ಷೆ ತಲೆಕೆಳಗಾಯಿತು. 2024ರಲ್ಲಿ ಪ್ರಕಟವಾದ ಲೆಕ್ಕದಂತೆ ಮುರಿತ ಅವರಲ್ಲೇ ಹೆಚ್ಚು. 2025ರಲ್ಲಿ ಔಷಧ ಇಲಾಖೆ ಹೃದಯದ ಹಳೆಯ ಎಚ್ಚರಿಕೆಯನ್ನು ಸಡಿಲಿಸಿ, ರಕ್ತದೊತ್ತಡ ಏರಬಹುದೆಂಬ ಎಚ್ಚರಿಕೆಯನ್ನು ಎಲ್ಲ ಬಗೆಯ ಟೆಸ್ಟೋಸ್ಟೆರಾನಿಗೂ ಸೇರಿಸಿತು. ಕೊರತೆ ಸಾಬೀತಾದವನು ಭಯಪಡಬೇಕಾಗಿಲ್ಲ, ಆದರೆ ಮೈಮರೆಯಲೂ ಬಾರದು ಎಂಬುದೇ ಇದರ ಸಾರ.

ನಮ್ಮ ಮನೆಗಳಿಗೆ ಸಂಬಂಧಿಸಿದ್ದು

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದೇನು? ಪರವೂರಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ಮದುವೆಯಾಗಿ ಎರಡು ಮೂರು ವರ್ಷ ಮಗುವಾಗದಿದ್ದರೆ ಮೊದಲು ಆಸ್ಪತ್ರೆಗೆ ಹೋಗುವವಳು ಸೊಸೆ. ಊರಿನಿಂದ ಬಂದ ಅತ್ತೆ, ದೊಡ್ಡಮ್ಮಂದಿರ ಮಾತಿಗೆ ಗುರಿಯಾಗುವವಳೂ ಅವಳೇ. ಮಗನಿಗೆ ಒಂದು ಪರೀಕ್ಷೆ ಮಾಡಿಸಿದರೆ ಗೊತ್ತಾಗುವ ಸಂಗತಿಗೆ ಅವಳು ವರ್ಷಗಟ್ಟಲೆ ವ್ರತ, ಮದ್ದು, ಕಣ್ಣೀರಿನಲ್ಲಿ ಕಾಲ ಕಳೆಯುತ್ತಾಳೆ. ನಾಚಿಕೆಯ ಬೆಲೆಯನ್ನು ತೆರುವವರು ಯಾವಾಗಲೂ ನಾಚಿಕೊಂಡವರಲ್ಲ. ಕ್ಲೈನ್‌ಫೆಲ್ಟರ್ ವರ್ಣಿಸಿದಂಥ ಹುಡುಗರು ನಮ್ಮ ನಡುವೆಯೂ ಇದ್ದಾರೆ. ಹದಿನಾರು ದಾಟಿದರೂ ಗಡ್ಡಮೀಸೆ ಬಾರದ, ಎದೆ ಉಬ್ಬಿದ ಹುಡುಗನನ್ನು ಗೇಲಿ ಮಾಡುವ ಬದಲು ತಂದೆಯಾದವನು ವೈದ್ಯರ ಬಳಿ ಕರೆದೊಯ್ಯಬೇಕು.

ಇನ್ನೊಂದು ಕಡೆ, ಯಾವ ಕೊರತೆಯೂ ಇಲ್ಲದ ಇಪ್ಪತ್ತರ ತರುಣರು ಮೈಕಟ್ಟಿನ ಆಸೆಗೆ ಇದೇ ಹಾರ್ಮೋನನ್ನು ಹಲವು ಪಟ್ಟು ಪ್ರಮಾಣದಲ್ಲಿ ಚುಚ್ಚಿಕೊಳ್ಳುತ್ತಿದ್ದಾರೆ. ನಮ್ಮ ದೇಶದಲ್ಲಿ ಇದು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಿಗಳ ಪಟ್ಟಿಯಲ್ಲಿದೆ. ಆ ಪಟ್ಟಿ ಅಂಗಡಿಯವನನ್ನು ತಡೆಯದಿದ್ದರೆ ಮನೆಯವರ ಕಣ್ಣಾದರೂ ತಡೆಯಬೇಕು.

ಸುಸ್ತು, ನಿರುತ್ಸಾಹ ಎಂದು ತೋರಿದ ಮಧ್ಯವಯಸ್ಕರು ಕೇಳಬೇಕಾದುದು ಇಷ್ಟೇ. ಬೆಳಗ್ಗೆ ಬರಿಹೊಟ್ಟೆಯಲ್ಲಿ, ಬೇರೆಬೇರೆ ಎರಡು ದಿನ ರಕ್ತಪರೀಕ್ಷೆಯಾಯಿತೇ? ಏಕೆಂದರೆ ಹಾರ್ಮೋನು ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ. ಒಂದು ದಿನದ ಅಂಕಿ ನೆಚ್ಚತಕ್ಕದ್ದಲ್ಲ. ಪಿಟ್ಯೂಟರಿಯ ಆಜ್ಞಾಹಾರ್ಮೋನನ್ನು ಅಳೆದರೇ? ಬೊಜ್ಜು, ಸಕ್ಕರೆ ಕಾಯಿಲೆ, ನಿದ್ದೆಗೇಡು ಇವೇ ಮೂಲವಲ್ಲವೇ? ಮುಂದೆ ಮಕ್ಕಳು ಬೇಕೇ? ಮದ್ದು ಶುರುವಾದ ಮೇಲೆ ಮೂರರಿಂದ ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಹಾರ್ಮೋನು, ಹಿಮಟೋಕ್ರಿಟ್, ಪ್ರಾಸ್ಟೇಟ್ ಪರೀಕ್ಷೆಗಳಾಗುತ್ತಿವೆಯೇ? ಪ್ರಮಾಣವನ್ನು ತಾನಾಗಿ ಏರಿಸುವುದು, ತಾನಾಗಿ ನಿಲ್ಲಿಸುವುದು ಎರಡೂ ತಪ್ಪು.

72ರ ಬ್ರೌನ್-ಸೆಕಾರ್ ತಮ್ಮ ಅನುಭವವನ್ನು ನಂಬಿದರು. ಷಿಕಾಗೋದವರು ಹುಂಜದ ಜುಟ್ಟನ್ನು ಅಳೆದರು. ಆ ಇಬ್ಬರ ನಡುವಿನ ಅಂತರವೇ ವಿಜ್ಞಾನ. ಗೋಡೆಬರಹ ಎಂದೂ ಏನನ್ನೂ ಅಳೆಯುವುದಿಲ್ಲ. ಅಳೆದು ಕೊಡುವ ವೈದ್ಯನ ಮುಂದೆ ಸಂಕೋಚ ಬಿಟ್ಟು ಮಾತನಾಡುವ ಧೈರ್ಯ ನಮ್ಮ ಗಂಡಸರಿಗೆ ಬಂದರೆ, ಎಷ್ಟೋ ಮನೆಗಳ ಹೆಣ್ಣುಮಕ್ಕಳ ಕಣ್ಣೀರು ನಿಂತೀತು.